ಬೀಮ್ ಅಳೆಯಲು ಯಾವ ಉಪಕರಣ? ಮಲೆನಾಡಿನಲ್ಲಿ ಕೂತು ಆರಿಸುವವರಿಗೆ ಒಂದು ಹೋಲಿಕೆ

ಕೊನೇ ವರ್ಷದ ಪ್ರಾಜೆಕ್ಟ್ ಆರಿಸುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬರುತ್ತಲೇ ಇರುತ್ತದೆ: “ಸರ್, ಕಣ ವೇಗವರ್ಧಕಕ್ಕೆ ಸಂಬಂಧಪಟ್ಟಿದ್ದು ಏನಾದ್ರೂ ಮಾಡ್ಬೇಕು. ಫ್ಯಾರಡೆ ಕಪ್ ಮಾಡೋದಾ, ಬಿಪಿಎಂ ಮಾಡೋದಾ?” ಬೀಮ್ ಅಂದರೆ ವೇಗವರ್ಧಕದಲ್ಲಿ ಓಡುವ ಕಣಗಳ ಧಾರೆ. ಫ್ಯಾರಡೆ ಕಪ್ ಅದರ ಕರೆಂಟ್ ಅಳೆಯುತ್ತದೆ, ಬಿಪಿಎಂ (ಬೀಮ್ ಪೊಸಿಷನ್ ಮಾನಿಟರ್) ಅದು ಎಲ್ಲಿದೆ ಅಂತ ಹೇಳುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುವವರ ಪ್ರಶ್ನೆ ಸ್ವಲ್ಪ ಬೇರೆ. ಅವರಿಗೆ ನಿಜವಾದ ಬೀಮ್ ಸಿಗುವ ಸಾಧ್ಯತೆ ಇದೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಲೋಹ ಕತ್ತರಿಸುವ ಯಂತ್ರ ಇಟ್ಟುಕೊಂಡವರು ಕೇಳುವುದು ಇನ್ನೂ ಬೇರೆ: ಈ ತರದ ಕೆಲಸ ಒಪ್ಪಿಕೊಂಡರೆ ನಮ್ಮ ಕೈಲಿ ಆಗುತ್ತದಾ?

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮಾತ್ರ ಮೂವರಿಗೂ ಒಂದೇ.

ಮೊದಲು ಅಳತೆಗೋಲು

ವೇಗವರ್ಧಕದ ಕೊಳವೆಯೊಳಗೆ ಗಾಳಿ ಇರುವುದಿಲ್ಲ. ಅದರಲ್ಲಿ ಎಲೆಕ್ಟ್ರಾನ್, ಪ್ರೋಟಾನ್ ಅಥವಾ ಅಯಾನುಗಳು ಓಡುತ್ತವೆ. ಕಣ್ಣಿಗೆ ಏನೂ ಕಾಣದು. ಎಷ್ಟು ಕಣ ಹೋಗುತ್ತಿದೆ, ಕೊಳವೆಯ ನಡುವೆ ಹೋಗುತ್ತಿದೆಯೋ ಪಕ್ಕಕ್ಕೆ ಸರಿದಿದೆಯೋ, ಬೀಮ್ ಎಷ್ಟು ದಪ್ಪ ಇದೆ, ದಾರಿಯಲ್ಲಿ ಎಲ್ಲಿ ಸೋರುತ್ತಿದೆ. ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು, ಒಂದೊಂದಕ್ಕೂ ಬೇರೆ ಉಪಕರಣ. ನಿಮ್ಮ ಪ್ರಶ್ನೆ ಇವುಗಳಲ್ಲಿ ಯಾವುದು ಅಂತ ಮೊದಲು ಗೊತ್ತಿರಬೇಕು.

ಎರಡನೆಯದು, ಬೀಮನ್ನು ತಡೆಯಬಹುದೋ ಇಲ್ಲವೋ. ಇಂದೋರಿನ ಇಂಡಸ್-2 ವೇಗವರ್ಧಕದ ಉಂಗುರದ ಸುತ್ತಳತೆ 172.5 ಮೀಟರ್. 2.5 ಜಿಇವಿ (ಜಿಇವಿ, ಎಂಇವಿ ಕಣದ ಶಕ್ತಿಯ ಅಳತೆಗಳು) ಎಲೆಕ್ಟ್ರಾನುಗಳು ಒಂದು ಸುತ್ತನ್ನು 0.6 ಮೈಕ್ರೋ ಸೆಕೆಂಡಿಗೂ ಮೊದಲೇ ಮುಗಿಸಿ, ಗಂಟೆಗಟ್ಟಲೆ ಸುತ್ತುತ್ತಲೇ ಇರುತ್ತವೆ. ಅಲ್ಲಿ ಅಡ್ಡ ಏನಾದರೂ ಇಟ್ಟರೆ ಬೀಮ್ ಅಲ್ಲಿಗೆ ಮುಗಿಯಿತು. ಮೂರನೆಯದು, ಬೀಮ್ ಒಂದೇ ಸಮ ಹರಿಯುತ್ತದೋ, ಪಲ್ಸ್ ಪಲ್ಸಾಗಿ ಬರುತ್ತದೋ. ನಾಲ್ಕನೆಯದು ಅದರ ಕರೆಂಟ್ ಎಷ್ಟು ಅನ್ನುವುದು. ಪಿಕೋ ಆಂಪಿಗೂ ಮಿಲಿ ಆಂಪಿಗೂ ನೂರು ಕೋಟಿ ಪಟ್ಟು ವ್ಯತ್ಯಾಸ. ಎರಡಕ್ಕೂ ಒಂದೇ ಸರ್ಕ್ಯೂಟ್ ಆಗುವುದಿಲ್ಲ.

ಐದನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ದೊಡ್ಡದು: ಬೀಮ್ ಇಲ್ಲದೆ, ನಿಮ್ಮ ಮೇಜಿನ ಮೇಲೇ ಇದನ್ನು ಕ್ಯಾಲಿಬ್ರೇಟ್ ಮಾಡಬಹುದಾ, ಅಂದರೆ ಗೊತ್ತಿರುವ ಅಳತೆಯ ಜೊತೆ ಹೋಲಿಸಿ ಹೊಂದಿಸಬಹುದಾ? ನಮ್ಮೂರಲ್ಲಿ ಪ್ರಯೋಗಕ್ಕೆ ಸಿಗುವ ವೇಗವರ್ಧಕ ಇಲ್ಲ. ಹತ್ತಿರ ಅಂದರೆ ಘಟ್ಟ ಇಳಿದು ಕೊಣಾಜೆಗೆ ಹೋಗಬೇಕು, ಮಂಗಳೂರು ವಿಶ್ವವಿದ್ಯಾಲಯದ 8 ಎಂಇವಿ ಮೈಕ್ರೊಟ್ರಾನ್ ಅನ್ನುವ ಎಲೆಕ್ಟ್ರಾನ್ ವೇಗವರ್ಧಕ ಅಲ್ಲಿದೆ. ಅಲ್ಲಿ ಸಮಯ ಸಿಕ್ಕರೂ ಸಿಗುವುದು ಸ್ವಲ್ಪವೇ. ಆ ಹೊತ್ತು ಅಳೆಯುವುದಕ್ಕೆ ಹೋಗಬೇಕೇ ಹೊರತು ಉಪಕರಣ ಸರಿಯಿದೆಯೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಲ್ಲ.

ಕೊನೆಯದು ನಮ್ಮ ಹವೆ. ಅದರ ಮಾತು ಮುಂದೆ ಬರುತ್ತದೆ.

ಫ್ಯಾರಡೆ ಕಪ್: ಮಾಡಲು ಸುಲಭ, ನಂಬಲು ಕಷ್ಟ

ಬೀಮಿಗೆ ಅಡ್ಡವಾಗಿ ಒಂದು ಲೋಹದ ಬಟ್ಟಲು ಇಡುವುದು, ಬಿದ್ದ ಚಾರ್ಜನ್ನು ತಂತಿಯಲ್ಲಿ ಹೊರಗೆ ತಂದು ಅಳೆಯುವುದು. ಹೊಳೆಗೆ ಕಟ್ಟೆ ಕಟ್ಟಿ ನೀರಳೆದ ಹಾಗೆ. ಲೆಕ್ಕ ನೇರ, ಆದರೆ ಕೆಳಗಿನವರಿಗೆ ನೀರಿಲ್ಲ.

ತೊಂದರೆ ಎರಡು. ಮೊದಲನೆಯದು, ಬೀಮ್ ಬಡಿದ ಜಾಗದಿಂದ ಸಣ್ಣ ಶಕ್ತಿಯ ಎಲೆಕ್ಟ್ರಾನುಗಳು ಹಿಂದಕ್ಕೆ ಚಿಮ್ಮುತ್ತವೆ. ಪ್ರೋಟಾನ್ ಬೀಮಿನಲ್ಲಿ ಇವು ತಪ್ಪಿಸಿಕೊಂಡರೆ ಕರೆಂಟ್ ನಿಜಕ್ಕಿಂತ ಜಾಸ್ತಿ ತೋರುತ್ತದೆ, ಎಲೆಕ್ಟ್ರಾನ್ ಬೀಮಿನಲ್ಲಿ ಕಡಿಮೆ ತೋರುತ್ತದೆ. ಅದಕ್ಕೆ ಕಪ್ಪಿನ ಬಾಯಿಯ ಮುಂದೆ ಒಂದು ಬಳೆ ಇಟ್ಟು, ಅದಕ್ಕೆ ಕೆಲವು ನೂರು ವೋಲ್ಟ್ ನೆಗೆಟಿವ್ ಕೊಡುತ್ತಾರೆ. ಕಪ್ಪನ್ನೂ ಅಗಲಕ್ಕಿಂತ ಆಳ ಜಾಸ್ತಿ ಇರುವಂತೆ ಮಾಡುತ್ತಾರೆ. ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ. ಮೀಟರಿನ ಓದು ಬದಲಾಗುವುದು ನಿಂತರೆ ಅಷ್ಟು ಸಾಕು ಅಂತ ಅರ್ಥ. ಈ ಪರೀಕ್ಷೆ ಮಾಡಲು ಮಾತ್ರ ನಿಜವಾದ ಬೀಮೇ ಬೇಕು. ಐದನೇ ಅಳತೆಗೋಲಲ್ಲಿ ಕಪ್ ಹಿಂದೆ ಬೀಳುವುದು ಇಲ್ಲೇ.

ಎರಡನೆಯದು ಬಿಸಿ. ಲೆಕ್ಕ ಸುಲಭ: 1 ಎಂಇವಿ ಬೀಮಿನ 1 ಮೈಕ್ರೋ ಆಂಪ್ ಅಂದರೆ 1 ವ್ಯಾಟ್. 3 ಎಂಇವಿ ಪ್ರೋಟಾನಿನ 10 ಮಿಲಿ ಆಂಪ್ ಅಂದರೆ 30 ಕಿಲೋವ್ಯಾಟ್! ಪಲ್ಸಿನಲ್ಲಿ ಸಾವಿರಕ್ಕೆ ಒಂದು ಭಾಗ ಹೊತ್ತು ಮಾತ್ರ ಬೀಮ್ ಇದ್ದರೆ ಸರಾಸರಿ 30 ವ್ಯಾಟಿಗೆ ಇಳಿಯುತ್ತದೆ. ಆದರೂ ಪಲ್ಸ್ ಇರುವಷ್ಟು ಹೊತ್ತು ಅಷ್ಟೂ ಶಾಖ ತಾಮ್ರದ ಮೇಲ್ಮೈಯ 0.05 ಮಿ.ಮೀ. ಒಳಗೇ ಇಳಿಯುತ್ತದೆ. ಮೇಲ್ಮೈಯನ್ನು ಓರೆ ಮಾಡಿ ಬಿಸಿಯನ್ನು ಹರಡುವುದು, ಹಿಂದೆ ನೀರು ಹರಿಸುವುದು, ಗ್ರಾಫೈಟ್ ಬಳಸುವುದು ಇದಕ್ಕೇ. ಮಾಚೇನಹಳ್ಳಿಯವರಿಗೆ ಒಂದು ಮಾತು: ಆಕಾರ ಕಷ್ಟದ್ದಲ್ಲ, ನಿಮ್ಮ ಯಂತ್ರಕ್ಕೆ ಇದು ಸಣ್ಣ ಕೆಲಸ. ಕಷ್ಟ ಇರುವುದು ಸ್ವಚ್ಛತೆಯಲ್ಲಿ. ಕತ್ತರಿಸುವಾಗಿನ ಎಣ್ಣೆ ಒಂದು ಮೂಲೆಯಲ್ಲಿ ಉಳಿದರೂ ವ್ಯಾಕ್ಯೂಮ್ ಏರುವುದಿಲ್ಲ. ಹೊರಗೆ ದಾರಿಯಿಲ್ಲದ ಸ್ಕ್ರೂ ತೂತು ಇದ್ದರೆ ಅದರಲ್ಲಿ ಸಿಕ್ಕ ಗಾಳಿ ದಿನಗಟ್ಟಲೆ ಸೋರುತ್ತದೆ. ಡ್ರಾಯಿಂಗಿನಲ್ಲಿ ಅಂಥ ತೂತು ಕಂಡರೆ, ಗಾಳಿ ಹೋಗಲು ದಾರಿ ಬೇಡವಾ ಅಂತ ನೀವೇ ಕೇಳಿ.

ಸಣ್ಣ ಕರೆಂಟಿನ ಅಯಾನ್ ಬೀಮಿಗೆ ಕಪ್ಪನ್ನು ಬಿಟ್ಟರೆ ಬೇರೆ ಒಳ್ಳೆಯ ದಾರಿ ಕಡಿಮೆ. ಪಿಕೋ ಆಂಪ್, ನ್ಯಾನೋ ಆಂಪ್ ಅಳೆಯಬೇಕಾದರೆ ಇದೇ ಸರಿ.

ಟೊರಾಯ್ಡ್: ನನ್ನ ಮೊದಲ ಆಯ್ಕೆ

ಬೀಮ್ ಒಂದು ಉಂಗುರದ ನಡುವೆ ಹಾದು ಹೋಗುತ್ತದೆ. ಉಂಗುರ ಅಂದರೆ ತಂತಿ ಸುತ್ತಿದ ಕಾಂತೀಯ ಕೋರ್, ಅದೇ ಟೊರಾಯ್ಡ್. ಬೀಮೇ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿನ ಪ್ರೈಮರಿ. ಬೀಮಿಗೆ ಏನೂ ಆಗುವುದಿಲ್ಲ.

50 ಸುತ್ತು ಸುತ್ತಿ 50 ಓಮ್ ಹಾಕಿದರೆ, 50 ಮಿಲಿ ಆಂಪ್ ಬೀಮಿಗೆ 50 ಮಿಲಿ ವೋಲ್ಟ್ ಸಿಗುತ್ತದೆ. ಸಾಮಾನ್ಯ ಆಸಿಲೋಸ್ಕೋಪಿನಲ್ಲೇ ನೋಡಬಹುದು. ಆದರೆ ಪಲ್ಸಿನ ತಲೆ ಚಪ್ಪಟೆ ಇರದೆ ಇಳಿಜಾರಾಗುತ್ತದೆ. ಇದಕ್ಕೆ ಡ್ರೂಪ್ ಅನ್ನುತ್ತಾರೆ. ಇಂಡಕ್ಟೆನ್ಸನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಎಷ್ಟು ಬೇಗ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. 1 ಮಿಲಿ ಹೆನ್ರಿ ಇದ್ದರೆ ಟೈಮ್ ಕಾನ್‌ಸ್ಟಂಟ್ 20 ಮೈಕ್ರೋ ಸೆಕೆಂಡ್, 2 ಮೈಕ್ರೋ ಸೆಕೆಂಡ್ ಪಲ್ಸಿನಲ್ಲಿ ಸುಮಾರು 10 ಶೇಕಡಾ ಇಳಿಕೆ. 10 ಮಿಲಿ ಹೆನ್ರಿ ಮಾಡಿದರೆ ಇಳಿಕೆ 1 ಶೇಕಡಾ. ಸುತ್ತು ಜಾಸ್ತಿ ಮಾಡಿದರೆ ಡ್ರೂಪ್ ಕಡಿಮೆಯಾಗುತ್ತದೆ, ಆದರೆ ಸಿಗ್ನಲೂ ಕಡಿಮೆಯಾಗುತ್ತದೆ. ಸುತ್ತು ಹಾಗೇ ಇಟ್ಟು ಒಳ್ಳೆಯ ಕೋರ್ ಹಾಕಿದರೆ ಎರಡೂ ಸಿಗುತ್ತದೆ, ಆದರೆ ಜೇಬು ಖಾಲಿ. ನ್ಯಾನೋಕ್ರಿಸ್ಟಲಿನ್ ಕೋರ್ ಬೆಲೆ ನೋಡಿ, ಮೊದಲ ಮಾದರಿಗೆ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ, ಬರುವ ಫೆರೈಟ್ ಕೋರೇ ಸಾಕು ಅನ್ನಿಸಿದರೆ ತಪ್ಪೇನಿಲ್ಲ.

ಇನ್ನು ಐದನೇ ಪ್ರಶ್ನೆ. ಉಂಗುರದ ನಡುವೆ ಒಂದು ತಂತಿ ಹಾಯಿಸಿ ಪಲ್ಸ್ ಜನರೇಟರಿನಿಂದ ಗೊತ್ತಿರುವ ಕರೆಂಟ್ ಬಿಡಿ. ಅಷ್ಟೇ. ಆ ತಂತಿಯೇ ನಿಮ್ಮ ಬೀಮ್. ಅದರಿಂದ ಬಂದ ಲೆಕ್ಕ ಕೊಣಾಜೆಯಲ್ಲೂ ಇಂದೋರಿನಲ್ಲೂ ಹಾಗೇ ನಿಲ್ಲುತ್ತದೆ. ಬೇರೆ ಯಾವ ಉಪಕರಣಕ್ಕೂ ಇಷ್ಟು ಸುಲಭದ ಪರೀಕ್ಷೆ ಇಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ಲೋಹದ ಕೊಳವೆಯ ಹೊರಗೆ ಟೊರಾಯ್ಡ್ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಬೀಮಿನಷ್ಟೇ ಕರೆಂಟ್ ಕೊಳವೆಯ ಗೋಡೆಯಲ್ಲಿ ಉಲ್ಟಾ ಹರಿದು ಅದನ್ನು ಅಳಿಸಿಹಾಕುತ್ತದೆ. ಕೊಳವೆಯಲ್ಲಿ ಸೆರಾಮಿಕ್ ತುಂಡು ಕೂರಿಸಿ, ಗೋಡೆಯ ಕರೆಂಟಿಗೆ ಉಂಗುರದ ಹೊರಗಿಂದ ದಾರಿ ಮಾಡಿಕೊಡಬೇಕು. ಇದೇ ದುಬಾರಿ ಭಾಗ, ಇದನ್ನು ಶಿವಮೊಗ್ಗದಲ್ಲಿ ಮಾಡಲಾಗದು, ಕೊಳ್ಳಬೇಕು. ಮೇಜಿನ ಮಾದರಿಗೆ ಬೇಕಾಗಿಲ್ಲ.

ಟೊರಾಯ್ಡಿಗೆ ಒಂದೇ ಸಮ ಹರಿಯುವ ಬೀಮ್ ಕಾಣುವುದಿಲ್ಲ. ಅದಕ್ಕೆ ಡಿಸಿಸಿಟಿ (ಡಿಸಿ ಕರೆಂಟ್ ಟ್ರಾನ್ಸ್‌ಫಾರ್ಮರ್) ಬೇಕು. ಎರಡು ಕೋರುಗಳನ್ನು ಎದುರುಬದುರು ದಿಕ್ಕಿನಲ್ಲಿ ಎಸಿಯಿಂದ ಸ್ಯಾಚುರೇಟ್ ಮಾಡುತ್ತಾರೆ. ಬೀಮ್ ಬಂದಾಗ ಹುಟ್ಟುವ ಎರಡನೇ ಹಾರ್ಮೋನಿಕನ್ನು ಹಿಡಿದು, ಬೀಮಿನ ಪರಿಣಾಮ ಸೊನ್ನೆಯಾಗುವವರೆಗೆ ಎದುರು ಕರೆಂಟ್ ಕೊಡುತ್ತಾರೆ. ಆ ಎದುರು ಕರೆಂಟೇ ಉತ್ತರ. ಯುರೋಪಿನ ಸರ್ನ್ ಪ್ರಯೋಗಾಲಯದ ಐಎಸ್‌ಆರ್ ಉಂಗುರಕ್ಕಾಗಿ ಕ್ಲೌಸ್ ಉನ್ಸರ್ 1960ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಓದಲು ಚೆಂದ. ಆದರೆ ಎರಡು ಕೋರುಗಳನ್ನು ಒಂದಕ್ಕೊಂದು ಹೊಂದಿಸುವುದು ಒಂದು ಸೆಮಿಸ್ಟರಿನ ಕೆಲಸ ಅಲ್ಲ, ಹಠ ಮಾಡಬೇಡಿ.

ಬಿಪಿಎಂ: ಎಲೆಕ್ಟ್ರಾನಿಕ್ಸ್ ಕಲಿಯಬೇಕಾದರೆ ಇದೇ

ಬಿಪಿಎಂ ಅಂದರೆ ಬೀಮ್ ಎಲ್ಲಿದೆ ಅಂತ ಹೇಳುವ ಸಾಧನ. ಕೊಳವೆಯ ಗೋಡೆಯಲ್ಲಿ ನಾಲ್ಕು ಎಲೆಕ್ಟ್ರೋಡುಗಳು. ಬೀಮ್ ಯಾವ ಕಡೆ ಸರಿದರೆ ಆ ಕಡೆಯದು ಜೋರಾಗಿ ಕೂಗುತ್ತದೆ. ಬಲದಿಂದ ಎಡವನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ, ಕೊಳವೆಯ ತ್ರಿಜ್ಯದ ಅರ್ಧದಿಂದ ಗುಣಿಸಿದರೆ ಸ್ಥಾನ ಸಿಗುತ್ತದೆ. ನಡುವಿನ ಹತ್ತಿರ ಇದು ಸರಿ. ಅಂಚಿಗೆ ಹೋದಂತೆ ಲೆಕ್ಕ ಸೊಟ್ಟಗಾಗುತ್ತದೆ.

ಎಲೆಕ್ಟ್ರೋಡಿನಲ್ಲಿ ಎರಡು ಮುಖ್ಯ ಬಗೆ. ಬಟನ್ ಅಂದರೆ ನಾಣ್ಯದಷ್ಟು ತಟ್ಟೆ. ಚಿಕ್ಕದು, ಅಗ್ಗ, ಉಂಗುರಗಳಲ್ಲೆಲ್ಲ ಇದೇ. ಆದರೆ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಬಡವಾಗುತ್ತದೆ. ಸ್ಟ್ರಿಪ್‌ಲೈನ್ ಉದ್ದದ ಪಟ್ಟಿ, ಸಿಗ್ನಲ್ ಜಾಸ್ತಿ. ಬೀಮ್ ಯಾವ ದಿಕ್ಕಿನಿಂದ ಬಂತು ಅಂತಲೂ ಹೇಳುತ್ತದೆ. ಇಂಡಸ್-2ರ ಆರ್‌ಎಫ್ (ಕಣಗಳಿಗೆ ಶಕ್ತಿ ತುಂಬುವ ರೇಡಿಯೋ ತರಂಗ) 505.8 ಮೆಗಾಹರ್ಟ್ಸ್ ಸುಮಾರಿನದು. ಆ ಫ್ರೀಕ್ವೆನ್ಸಿಗೆ ಕಾಲು ತರಂಗದ ಪಟ್ಟಿ ಅಂದರೆ ಸುಮಾರು 15 ಸೆಂ.ಮೀ. ಕ್ಯಾವಿಟಿ ಬಿಪಿಎಂ ಅನ್ನುವ ಮೂರನೇ ಬಗೆಯೂ ಇದೆ, ನ್ಯಾನೋ ಮೀಟರ್ ಮಟ್ಟದ ಸೂಕ್ಷ್ಮ. ನಮಗೆ ಸದ್ಯಕ್ಕೆ ಬೇಡ.

ಬೀಮ್ ಇಲ್ಲದೆ ಪರೀಕ್ಷೆ ಇಲ್ಲೂ ಆಗುತ್ತದೆ. ಕೊಳವೆಯ ನಡುವೆ ತಂತಿ ಬಿಗಿದು ಸಿಗ್ನಲ್ ಕೊಡಿ, ತಂತಿಯನ್ನು ಸ್ಕ್ರೂ ಮೇಲೆ ಸ್ವಲ್ಪ ಸ್ವಲ್ಪ ಸರಿಸಿ. ಕೆಲವು ಸಾವಿರ ರೂಪಾಯಿಯ ನ್ಯಾನೋವಿಎನ್‌ಎ ಅನ್ನುವ ಆರ್‌ಎಫ್ ಅಳೆಯುವ ಪುಟ್ಟ ಉಪಕರಣ ಇದ್ದರೆ ಅರ್ಧ ಕೆಲಸ ಮುಗಿಯಿತು.

ಎಲೆಕ್ಟ್ರಾನಿಕ್ಸಿಗೆ ಎರಡು ದಾರಿ. ಒಂದು ಲಾಗ್ ಆಂಪ್ಲಿಫೈಯರ್. ಎಡಿ8302 ಅನ್ನುವ ಒಂದೇ ಚಿಪ್ ಎರಡು ಸಿಗ್ನಲುಗಳ ಅನುಪಾತವನ್ನು ಡೆಸಿಬೆಲಿಗೆ 30 ಮಿಲಿ ವೋಲ್ಟಿನಂತೆ ಕೊಡುತ್ತದೆ, 2.7 ಗಿಗಾಹರ್ಟ್ಸ್‌ವರೆಗೆ. ಒಳ ವ್ಯಾಸ 50 ಮಿ.ಮೀ. ಇರುವ ಕೊಳವೆಯಲ್ಲಿ ಬೀಮ್ 1 ಮಿ.ಮೀ. ಸರಿದರೆ ಅನುಪಾತ ಸುಮಾರು 1.4 ಡೆಸಿಬೆಲ್ ಬದಲಾಗುತ್ತದೆ, ಅಂದರೆ 42 ಮಿಲಿ ವೋಲ್ಟ್. 0.1 ಮಿ.ಮೀ.ಗೆ 4 ಮಿಲಿ ವೋಲ್ಟ್. ಇದನ್ನು ಸಾಮಾನ್ಯ 12 ಬಿಟ್ ಎಡಿಸಿಯಲ್ಲೇ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಓದಬಹುದು.

ಇನ್ನೊಂದು ದಾರಿ, ನಾಲ್ಕೂ ಸಿಗ್ನಲನ್ನು ವೇಗದ ಎಡಿಸಿಗೆ ಕೊಟ್ಟು ಉಳಿದ ಲೆಕ್ಕವನ್ನು ಎಫ್‌ಪಿಜಿಎಯಲ್ಲಿ (ಬೇಕಾದಂತೆ ಪ್ರೋಗ್ರಾಂ ಮಾಡಿಕೊಳ್ಳುವ ಚಿಪ್) ಮಾಡುವುದು. ದೊಡ್ಡ ಯಂತ್ರಗಳೆಲ್ಲ ಈಗ ಹೀಗೇ. ಸೆಕೆಂಡಿಗೆ 12.5 ಕೋಟಿ ಸ್ಯಾಂಪಲ್ ತೆಗೆಯುವ ರೆಡ್ ಪಿಟಾಯ ತರದ ಬೋರ್ಡ್ ಕಾಲೇಜಿನಲ್ಲಿ ಇದ್ದರೆ ಧೈರ್ಯ ಮಾಡಬಹುದು. ಆದರೆ ಅದರಲ್ಲಿ ಎರಡೇ ಇನ್‌ಪುಟ್ ಇರುವ ಮಾದರಿ ಜಾಸ್ತಿ, ಹಾಗಾಗಿ ಒಂದೇ ದಿಕ್ಕಿನ (ಎಡ-ಬಲ ಇಲ್ಲವೇ ಮೇಲೆ-ಕೆಳಗೆ) ಸ್ಥಾನ ಮಾತ್ರ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಲಾಗ್ ಚಿಪ್ಪಿನಿಂದ ಶುರು ಮಾಡಿ. ಎಫ್‌ಪಿಜಿಎ ಹಿಡಿದವರು ತಿಂಗಳುಗಟ್ಟಲೆ ಕೋಡ್ ಬರೆಯುತ್ತಾ, ಕೊಳವೆಯನ್ನು ಮುಟ್ಟದೇ ಇರುವುದನ್ನು ನೋಡಿದ್ದೇನೆ.

ಎರಡಕ್ಕೂ ಇರುವ ಒಂದು ಶತ್ರು ಡ್ರಿಫ್ಟ್, ಅಂದರೆ ಓದು ತಾನಾಗಿಯೇ ನಿಧಾನಕ್ಕೆ ಸರಿಯುವುದು. ಎರಡು ಚಾನೆಲುಗಳ ನಡುವೆ 0.1 ಡೆಸಿಬೆಲ್ ಅಂತರ ಬಂದರೆ ಬೀಮ್ ಕದಲದೆಯೇ 70 ಮೈಕ್ರಾನ್ ಸರಿದಂತೆ ತೋರುತ್ತದೆ. ಕನೆಕ್ಟರ್ ಸ್ವಲ್ಪ ಸಡಿಲವಾದರೆ ಸಾಕು. ಸಾವಿರ ಸಲ ಅಳೆದು ಸರಾಸರಿ ಮಾಡಿದರೆ ನಾಯ್ಸ್ ಕಡಿಮೆಯಾಗುತ್ತದೆ, ಡ್ರಿಫ್ಟ್ ಕಡಿಮೆಯಾಗುವುದಿಲ್ಲ. ಎರಡು ಕೇಬಲುಗಳನ್ನು ಅದಲು ಬದಲು ಮಾಡಿ ಮತ್ತೆ ಅಳೆಯುವುದು ಅಗ್ಗದ ಮದ್ದು.

ದಪ್ಪ ನೋಡಬೇಕಾದರೆ

ಹೊಳೆಯುವ ಪರದೆ ಮತ್ತು ಕ್ಯಾಮೆರಾ. ಕ್ರೋಮಿಯಂ ಬೆರೆಸಿದ ಅಲ್ಯೂಮಿನಾ ತಟ್ಟೆಯನ್ನು 45 ಡಿಗ್ರಿಗೆ ಇಟ್ಟರೆ ಬೀಮ್ ಬಿದ್ದಲ್ಲಿ ಕೆಂಪಗೆ ಹೊಳೆಯುತ್ತದೆ. ನೋಡಲು ಇದರಷ್ಟು ಖುಷಿ ಕೊಡುವುದು ಬೇರೆ ಇಲ್ಲ. ಆದರೆ ಬೀಮ್ ಜೋರಾದರೆ ಹೊಳಪು ಅದೇ ಲೆಕ್ಕದಲ್ಲಿ ಏರದೆ, ಬೀಮ್ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ವಿಕಿರಣಕ್ಕೆ ಕ್ಯಾಮೆರಾವೂ ಹಾಳಾಗುತ್ತದೆ. ಕನ್ನಡಿ ಹಾಕಿ ಪಕ್ಕಕ್ಕೆ ಇಡಬೇಕು. ತಂತಿಗಳ ಗ್ರಿಡ್ ಇನ್ನೊಂದು ಆಯ್ಕೆ. ಅಡ್ಡ 16, ಉದ್ದ 16 ತಂತಿ ಇದ್ದರೆ 32 ಆಂಪ್ಲಿಫೈಯರ್ ಬೇಕು. ಬಜೆಟ್ ಅಲ್ಲೇ ಮುಗಿಯಿತು, ಅಲ್ವಾ?

ನಮ್ಮ ಹವೆಗೆ ಯಾವುದು ತಡೆಯುತ್ತದೆ

ಎಲೆಕ್ಟ್ರಾನಿಕ್ಸ್ ಪುಸ್ತಕಗಳಲ್ಲಿ ಆಗುಂಬೆಯ ಆಷಾಢ ಇರುವುದಿಲ್ಲ. ಫ್ಯಾರಡೆ ಕಪ್ಪಿನ ಪಿಕೋ ಆಂಪ್ ಸರ್ಕ್ಯೂಟಿಗೆ ಇದೇ ದೊಡ್ಡ ಪರೀಕ್ಷೆ. ಬೋರ್ಡಿನ ಮೇಲ್ಮೈ ರೆಸಿಸ್ಟೆನ್ಸ್ 100 ಗಿಗಾ ಓಮಿಗೆ ಇಳಿದರೆ, ಪಕ್ಕದ 5 ವೋಲ್ಟ್ ಗೆರೆಯಿಂದ 50 ಪಿಕೋ ಆಂಪ್ ಸೋರಿ ಇನ್‌ಪುಟ್ಟಿಗೆ ಬರುತ್ತದೆ. ಸೋಲ್ಡರ್ ಫ್ಲಕ್ಸ್ ಉಳಿದ ಬೋರ್ಡ್ ಜಡಿಮಳೆಯ ದಿನ ಅದಕ್ಕಿಂತಲೂ ಕೆಳಗೆ ಇಳಿಯಬಹುದು. ಆಗ ನೀವು ಅಳೆಯುತ್ತಿರುವುದು ಬೀಮನ್ನಲ್ಲ, ಮಳೆಯನ್ನು.

ಮದ್ದು ಇದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬೋರ್ಡ್ ತೊಳೆದು ಒಣಗಿಸಿ. ಇನ್‌ಪುಟ್ ಸುತ್ತ ಗಾರ್ಡ್ ಗೆರೆ (ಸೋರಿಕೆ ತಡೆಯುವ ತಾಮ್ರದ ಗೆರೆ) ಎಳೆಯಿರಿ. ಚಿಪ್ಪಿನ ಇನ್‌ಪುಟ್ ಕಾಲನ್ನು ಬೋರ್ಡಿಗೆ ತಾಗಿಸದೆ ಟೆಫ್ಲಾನ್ ಗೂಟದ ಮೇಲೆ ಎತ್ತಿ ಬೆಸೆಯಿರಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿ. ಎಲ್‌ಎಂಸಿ6001 ಅಥವಾ ಎಡಿಎ4530-1 ತರದ ಆಂಪ್ಲಿಫೈಯರುಗಳ ಸ್ವಂತ ಇನ್‌ಪುಟ್ ಕರೆಂಟ್ ಫೆಮ್ಟೋ ಆಂಪ್ ಲೆಕ್ಕದ್ದು. ಆದರೆ ಬೋರ್ಡ್ ಕೊಳಕಾಗಿದ್ದರೆ ಅಷ್ಟು ಬೆಲೆಯ ಚಿಪ್ ಹಾಕಿಯೂ ಸುಮ್ನೆ. ಇನ್ನು ಮನೆಯ ಇನ್ವರ್ಟರ್ ಮೇಲೆ ಇದನ್ನು ಓಡಿಸಬೇಡಿ, ಅದರ ಗಲಾಟೆ ಪೂರ್ತಿ ಗ್ರಾಫಿನಲ್ಲಿ ಕಾಣುತ್ತದೆ. ಕರೆಂಟ್ ಹೋಗುವ ಊರಿನಲ್ಲಿ ಮುಂಭಾಗದ ಆಂಪ್ಲಿಫೈಯರಿಗೆ ನೇರ ಬ್ಯಾಟರಿಯೇ ವಾಸಿ.

ಏಪ್ರಿಲ್, ಮೇ ತಿಂಗಳ ಸಿಡಿಲು ಇನ್ನೊಂದು ಕಥೆ. ಇನ್‌ಪುಟ್ ಕಾಪಾಡಲು ಟಿವಿಎಸ್ ಡಯೋಡ್ ಹಾಕಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ಟೊರಾಯ್ಡ್, ಬಿಪಿಎಂಗಳಿಗೆ ಅದು ಸರಿ, ಆದರೆ ಬಿಪಿಎಂಗೆ ಕಡಿಮೆ ಕೆಪಾಸಿಟೆನ್ಸಿನದು ನೋಡಿ. ಪಿಕೋ ಆಂಪ್ ಇನ್‌ಪುಟ್ಟಿಗೆ ಮಾತ್ರ ಬೇಡ, ಆ ಡಯೋಡೇ ನ್ಯಾನೋ ಆಂಪ್ ಲೆಕ್ಕದಲ್ಲಿ ಸೋರಬಹುದು. ಅಲ್ಲಿ ಸರಣಿಯಲ್ಲಿ ಒಂದು ರೆಸಿಸ್ಟರ್, ಜೊತೆಗೆ ಬಿಎವಿ199 ತರದ ಕಡಿಮೆ ಸೋರುವ ಡಯೋಡ್ ಸಾಕು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಬದಲು ಫೈಬರ್ ಎಳೆಯಿರಿ.

ಹವೆಯ ಲೆಕ್ಕದಲ್ಲಿ ಟೊರಾಯ್ಡ್ ಗೆಲ್ಲುತ್ತದೆ. 50 ಓಮಿನ ಸರ್ಕ್ಯೂಟಿಗೆ ತೇವ ದೊಡ್ಡ ವಿಷಯವೇ ಅಲ್ಲ.

ಆಸ್ಪತ್ರೆಯ ಲಿನಾಕ್ ಕಡೆ ಹೋಗುವವರಿಗೆ

ಕ್ಯಾನ್ಸರ್ ಚಿಕಿತ್ಸೆಯ ಲಿನಾಕಿನಲ್ಲಿ (ನೇರ ದಾರಿಯ ವೇಗವರ್ಧಕ) ಕೆಲಸ ಮಾಡುವ ಆಸೆ ಇದ್ದವರು ಅಯಾನ್ ಚೇಂಬರ್ ಕಲಿಯಿರಿ, ಅಂದರೆ ವಿಕಿರಣ ಅನಿಲದಲ್ಲಿ ಹುಟ್ಟಿಸುವ ಚಾರ್ಜ್ ಅಳೆಯುವ ಡಬ್ಬಿ. ಲಿನಾಕಿನ ತಲೆಯಲ್ಲೇ ಎರಡು ಬೇರೆ ಬೇರೆ ಚೇಂಬರುಗಳಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಬೀಮ್ ನಿಲ್ಲಿಸಬೇಕು. ಡೋಸ್ ಅಳೆಯಲು ಹೊರಗೆ ಇಡುವ ತೆರೆದ ಚೇಂಬರಿನಲ್ಲಿ ಎತ್ತರದ ಲೆಕ್ಕ ಬರುತ್ತದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ 6 ಶೇಕಡಾ ಸುಮಾರು ಕಡಿಮೆ, ಚೇಂಬರಿನ ಓದೂ ಅಷ್ಟೇ ಕಡಿಮೆ. 20 ಡಿಗ್ರಿಯ ಬದಲು 30 ಡಿಗ್ರಿ ಇದ್ದರೆ ಇನ್ನೂ 3 ಶೇಕಡಾ ಇಳಿಯುತ್ತದೆ. ಎರಡನ್ನೂ ತಿದ್ದಿಕೊಳ್ಳಲೇಬೇಕು. ಒಂದು ಒಳ್ಳೆಯ ಬ್ಯಾರೋಮೀಟರ್ ಇಟ್ಟುಕೊಳ್ಳಿ. ಹವಾಮಾನ ವರದಿಯಲ್ಲಿ ಬರುವ ಒತ್ತಡ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಅದನ್ನು ಹಾಕಿದರೆ ತಿದ್ದುವ ಬದಲು ತಪ್ಪನ್ನೇ ಉಳಿಸಿಕೊಂಡಂತೆ. ಸರ್ನ್‌ನ ದೊಡ್ಡ ವೇಗವರ್ಧಕವಾದ ಎಲ್‌ಎಚ್‌ಸಿ ಉಂಗುರದ ಸುತ್ತ ಬೀಮ್ ಸೋರಿಕೆ ಕಾಯುವ ಸಾವಿರಾರು ಚೇಂಬರುಗಳು ನೈಟ್ರೋಜನ್ ತುಂಬಿ ಮುಚ್ಚಿದವು. ಅವಕ್ಕೆ ಈ ರಗಳೆ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಒಂದು ಸೆಮಿಸ್ಟರ್, ಕಡಿಮೆ ದುಡ್ಡು, ಬೀಮ್ ಇಲ್ಲ: ಟೊರಾಯ್ಡ್. ಕೋರ್, ತಂತಿ, ಒಂದು ಆಂಪ್ಲಿಫೈಯರ್, ಪಲ್ಸ್ ಜನರೇಟರ್ ಇದ್ದರೆ ಆಯಿತು. ಎರಡು ಸೆಮಿಸ್ಟರ್ ಇದೆ, ಆರ್‌ಎಫ್ ಇಷ್ಟ, ಮುಂದೆ ಇಂದೋರ್, ಕೋಲ್ಕತ್ತದ ವೇಗವರ್ಧಕ ಕೇಂದ್ರಗಳಿಗೆ ಅರ್ಜಿ ಹಾಕುವ ಯೋಚನೆ ಇದೆ: ಎರಡು ಎಲೆಕ್ಟ್ರೋಡಿನ ಬಿಪಿಎಂ, ಲಾಗ್ ಚಿಪ್. ನಾಲ್ಕು ಎಲೆಕ್ಟ್ರೋಡ್ ಆಮೇಲೆ ಸೇರಿಸಿ.

ಮೈಕ್ರೊಟ್ರಾನಿನಲ್ಲಿ ಸಮಯ ಸಿಗುವ ಭೌತಶಾಸ್ತ್ರದವರು ಟೊರಾಯ್ಡನ್ನೂ ಕಪ್ಪನ್ನೂ ಎರಡನ್ನೂ ಒಯ್ಯಿರಿ. ಮೇಜಿನ ಮೇಲೆ ಕ್ಯಾಲಿಬ್ರೇಟ್ ಆದ ಟೊರಾಯ್ಡ್ ಮುಂದೆ, ಕಪ್ ಹಿಂದೆ. ಎರಡರ ಓದು ಹೊಂದದಿದ್ದರೆ ಕಪ್ಪಿನಲ್ಲಿ ಎಷ್ಟು ಎಲೆಕ್ಟ್ರಾನ್ ತಪ್ಪಿಸಿಕೊಂಡಿತು ಅಂತ ಅಲ್ಲೇ ಲೆಕ್ಕ ಸಿಗುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಪ್ರಬಂಧವೊಂದು ಅಲ್ಲೇ ಇದೆ.

ಹಳೇ ಟಿವಿಯ ಪಿಕ್ಚರ್ ಟ್ಯೂಬನ್ನೇ ವೇಗವರ್ಧಕ ಮಾಡೋಣ ಅನ್ನುವವರೂ ಇದ್ದಾರೆ. 20 ಕಿಲೋವೋಲ್ಟ್ ಆಟದ ಸಾಮಾನಲ್ಲ, ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಒಂದು ತಂತಿಯಿಂದ ಆಗುವ ಕೆಲಸಕ್ಕೆ ಅದು ಬೇಡವೇ ಬೇಡ. ನಿಜವಾದ ವೇಗವರ್ಧಕ ಕಟ್ಟುವುದಾದರಂತೂ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ.

ಮಾಚೇನಹಳ್ಳಿಯವರು ಕಪ್ ಮತ್ತು ಬಿಪಿಎಂ ಕೊಳವೆಯ ಕೆಲಸ ಧಾರಾಳವಾಗಿ ಒಪ್ಪಿಕೊಳ್ಳಬಹುದು, ಸೆರಾಮಿಕ್ ಬೆಸುಗೆಯ ಕೆಲಸ ಬೇಡ. ಆರ್ಡರ್ ಹಿಡಿಯುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ತೊಳೆಯುವ ಕ್ರಮ ಯಾರದ್ದು, ಹೀಲಿಯಂ ಲೀಕ್ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಅದರಲ್ಲಿ ಫೇಲಾದರೆ ಆ ತುಂಡಿನ ಖರ್ಚು ಯಾರ ಮೇಲೆ.